ಹಾಳೆಂದು ಬರೆದಿಟ್ಟ ಗಾಜುಗಳು

ಸೊಳ್ಳೆಯ ಕುಲವನ್ನು ಹಾಡಿಕೊಂಡು ಓದುವವಳು ಆ ಚಳಿಜ್ವರ ಸಂಶೋಧನಾ ಕೇಂದ್ರದಲ್ಲಿ ಅಮರಮ್ಮ ಒಬ್ಬಳೇ. ಉಳಿದವರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಪಕ್ಕದಲ್ಲಿ ನಕ್ಷೆ ಹರವಿಕೊಂಡು, ಪಟ್ಟೆಗೆ ಪಟ್ಟೆ ತಾಳೆ ಹಾಕುತ್ತಿದ್ದರು. ಅಮರಮ್ಮ ನಕ್ಷೆ ಮುಟ್ಟಿ ಹದಿನೆಂಟು ವರ್ಷವಾಗಿತ್ತು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಗಂಟಲಲ್ಲೇ ಗುನುಗುತ್ತ ಓದಲು ಹತ್ತಿದಳೆಂದರೆ ಒಂದು ಗಾಜಿಗೆ ನಾಲ್ಕು ನಿಮಿಷ ಸಾಕು.

ಓದುವುದಾದರೂ ಏನನ್ನು? ಅರ್ಧ ಬಸುರಾದ ಹೆಣ್ಣು ಸೊಳ್ಳೆಯ ತತ್ತಿಚೀಲವನ್ನು ಸೂಜಿಮೊನೆಯಿಂದ ಬಿಡಿಸಿ, ಬಣ್ಣದಲ್ಲಿ ನೆನೆಸಿ, ಎರಡು ಗಾಜಿನ ನಡುವೆ ಇಟ್ಟು ಹೆಬ್ಬೆರಳಿನಿಂದ ಹದವಾಗಿ ಒತ್ತಿದರೆ ಅದರ ವರ್ಣತಂತುಗಳು ಬಿಚ್ಚಿಕೊಳ್ಳುತ್ತವೆ. ಲಾಡಿಯಂಥ ಉದ್ದುದ್ದ ಎಳೆಗಳು. ಮೈತುಂಬ ಅಡ್ಡಪಟ್ಟೆ, ಒಂದು ದಪ್ಪ, ಒಂದು ತೆಳು, ನಡುನಡುವೆ ಬಿಳಿಯ ಬಯಲು. ದಪ್ಪ ಪಟ್ಟೆ ಅಮರಮ್ಮನಿಗೆ ಗುರು, ತೆಳುವಾದದ್ದು ಲಘು. ಒಂದು ಕುಲದ ಸೊಳ್ಳೆಗೆ ಒಂದು ಧಾಟಿ. ಧಾಟಿ ತಪ್ಪಿತೋ, ಕುಲ ಬೇರೆಯಾಯಿತು.

ಈ ಕಿವಿ ಅವಳಿಗೆ ಬಂದದ್ದು ತನ್ನೂರು ಗೌರಿಹಾಳದ ಮಠದಲ್ಲಿ. ಅಲ್ಲಿ ಶ್ರಾವಣ ಪೂರ್ತಿ ಅವಳ ಅಪ್ಪ ಪುರಾಣ ಓದುತ್ತಿದ್ದರು. ಕಂಬದ ಪಕ್ಕ ಕೂತು ಕೇಳುವುದು ಅವಳ ಪಾಲಿನ ಪೂಜೆ. ಆ ಮಠದಲ್ಲೊಂದು ಪದ್ಧತಿಯಿತ್ತು. ಓದುವವರ ಬಾಯಲ್ಲಿ ಒಂದು ಸಾಲು ಹಿಂದುಮುಂದಾದರೆ, ಒಂದು ಮಾತ್ರೆ ಜಾರಿದರೆ, ಗೊತ್ತಿದ್ದವರು ಅಂಗೈಯಿಂದ ನೆಲ ತಟ್ಟಬೇಕು. ಬಾಯಿ ಬಿಡುವಂತಿಲ್ಲ, ತಟ್ಟಿದರೆ ಸಾಕು. ಓದುವವರು ಎಷ್ಟೇ ದೊಡ್ಡವರಿರಲಿ, ನಿಲ್ಲಿಸಿ ಪದ್ಯದ ಮೊದಲಿಗೆ ಹೋಗಿ ಮತ್ತೆ ಓದಬೇಕು. ತಪ್ಪಿ ಓದಿದವರಿಗೆ ದೋಷವಿಲ್ಲ, ತಪ್ಪು ತಿಳಿದೂ ಸುಮ್ಮನೆ ಕೂತವರಿಗೆ ದೋಷ ಎಂದು ಅಪ್ಪ ಹೇಳುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಅವಳು ಅಪ್ಪನಿಗೇ ತಟ್ಟಿದ್ದಳು. ತುಂಬಿದ ಮಠ ತಿರುಗಿ ನೋಡಿತು. ಅಪ್ಪ ಹಾಳೆ ಹಿಂದಕ್ಕೆ ಮಗುಚಿ ಮತ್ತೆ ಓದಿದರು. ಮನೆಗೆ ಬಂದ ಮೇಲೆ ಅವಳ ಕೈಯ ತುಂಬ ಕೊಬ್ಬರಿ ಬೆಲ್ಲ ಹಾಕಿದರು. ಆದರೆ ತನ್ನತ್ತ ತಿರುಗಿದ ಅಷ್ಟು ಮುಖಗಳನ್ನು ಮರೆಯಲಾಗದೆ, ಅದರ ನಂತರ ಅವಳು ಯಾವ ಸಭೆಯಲ್ಲೂ ಸದ್ದು ಮಾಡಿದವಳಲ್ಲ.

ಕಾಲುವೆ ಸೀಮೆಯಲ್ಲಿ ಚಳಿಜ್ವರ ಹರಡುವ ಸೊಳ್ಳೆಗೆ ಒಬ್ಬಳು ಒಡಹುಟ್ಟಿದವಳಿದ್ದಳು. ಕಣ್ಣಿಗೆ ಇಬ್ಬರೂ ಒಂದೇ, ಅದೇ ರೆಕ್ಕೆ, ಅದೇ ಚುಕ್ಕೆ. ಕೇಂದ್ರಕ್ಕೆ ಸೊಳ್ಳೆ ಹಿಡಿದು ತರುವ ದಾವಲಸಾಬ ಒಬ್ಬಳಿಗೆ ಮನಿಯಾಕಿ ಎಂದೂ ಇನ್ನೊಬ್ಬಳಿಗೆ ಕೊಟಿಗ್ಯಾಕಿ ಎಂದೂ ಹೆಸರಿಟ್ಟಿದ್ದ. ಮನಿಯಾಕಿಗೆ ಮನುಷ್ಯರ ರಕ್ತವೇ ಬೇಕು, ಜ್ವರ ಹರಡುವವಳು ಅವಳು. ಕೊಟಿಗ್ಯಾಕಿ ದನ ಎಮ್ಮೆ ಬಿಟ್ಟು ಬೇರೆ ಮುಟ್ಟಳು, ಅವಳಿಂದ ಯಾರಿಗೂ ಕೇಡಿಲ್ಲ. ಸೀಮೆಯಲ್ಲಿ ಮನಿಯಾಕಿ ಒಬ್ಬಳಿದ್ದರೆ ಕೊಟಿಗ್ಯಾಕಿಯರು ನೂರು. ಗುರುತು ಒಂದೇ: ಎರಡನೆಯ ವರ್ಣತಂತುವಿನಲ್ಲಿ ಒಂದು ತುಂಡು ಕೊಟಿಗ್ಯಾಕಿಗೆ ನೆಟ್ಟಗಿದೆ, ಮನಿಯಾಕಿಗೆ ತಲೆಕೆಳಗಾಗಿದೆ. ಮನುಷ್ಯರ ವಾಸನೆ ಹಿಡಿಯುವ ಗುಣ ಕೂತಿರುವುದು ಆ ತಲೆಕೆಳಗಾದ ತುಂಡಿನಲ್ಲೇ. ಕೇಂದ್ರದ ಗೋಡೆಯ ಮೇಲೆ ಇಬ್ಬರ ವಂಶವೃಕ್ಷ ತೂಗುತ್ತಿತ್ತು. ಒಂದೇ ಬುಡ, ಎರಡು ಕೊಂಬೆ. ಕವಲೊಡೆದು ಲಕ್ಷಾಂತರ ವರ್ಷವಾಯಿತು, ಆಮೇಲೆ ಒಬ್ಬರನ್ನೊಬ್ಬರು ಕೂಡಿಲ್ಲ ಎಂದು ಕೆಳಗೆ ಬರೆದಿತ್ತು.

ಆ ವರ್ಷಗಳಲ್ಲಿ ಗುಳಿಗೆಗೆ ಜ್ವರ ಬಗ್ಗುತ್ತಿರಲಿಲ್ಲ, ಔಷಧಿಗೆ ಸೊಳ್ಳೆ ಸಾಯುತ್ತಿರಲಿಲ್ಲ. ಹಾಗಾಗಿಯೇ ಕೇಂದ್ರದ ನಿರ್ದೇಶಕರಾದ ಡಾ. ಯದುಪತಿ ಒಂಬತ್ತು ವರ್ಷ ದುಡಿದು ಹೊಲಿಗೆಯನ್ನು ಕಂಡುಹಿಡಿದಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಜ್ವರದ ಜೀವಿ ಬೆಳೆಯದ ಹಾಗೆ ತಡೆಯುವ ಗುಣವೊಂದನ್ನು ಅದರ ವರ್ಣತಂತುವಿಗೆ ಹೊಲಿದುಬಿಡುವುದು. ಆ ಹೊಲಿಗೆ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ತಂದೆಗೆ ಇದ್ದರೆ ಸಾಕು, ಅರ್ಧ ಮಕ್ಕಳಿಗಲ್ಲ, ಎಲ್ಲ ಮಕ್ಕಳಿಗೂ ಇಳಿಯುತ್ತದೆ. ಇಪ್ಪತ್ತು ತಲೆಮಾರಿಗೆ, ಅಂದರೆ ಒಂದೂವರೆ ವರ್ಷಕ್ಕೆ, ಸೀಮೆಯ ಮನಿಯಾಕಿಯರೆಲ್ಲ ಕಚ್ಚಿದರೂ ಜ್ವರ ಕೊಡದವರಾಗುತ್ತಾರೆ. ಹೊಲಿಗೆ ಗಟ್ಟಿಯಾಗಿ ನಿಂತದ್ದು ಆ ತಲೆಕೆಳಗಾದ ತುಂಡಿನ ಒಳಗೇ. ಬೇರೆಡೆ ಹಾಕಿದಾಗ ಬಿಚ್ಚಿಕೊಳ್ಳುತ್ತಿತ್ತು.

ಹೊಲಿಗೆ ಹಾಕಿದ ಗಂಡು ಸೊಳ್ಳೆಗಳನ್ನು ಊರಲ್ಲಿ ಬಿಡಲು ಕಾನೂನಿನದೊಂದೇ ಬಾಗಿಲು. ಇಂಥ ಹುಳಗಳನ್ನು ಬಿಡುವ ಮೊದಲು ಊರ ಸಭೆ ಸೇರಬೇಕು. ಗಾಜು ಓದಬಲ್ಲವರೊಬ್ಬರು ಎದ್ದು ನಿಂತು ತಮ್ಮ ಬಾಯಿಂದ, “ಈ ಹುಳಗಳು ತಮ್ಮ ಕುಲದವೇ, ಬೇರೆ ಕುಲದೊಡನೆ ಬೆರೆಯುವುದಿಲ್ಲ” ಎಂದು ಹೇಳಬೇಕು, ಜನ ಅದನ್ನು ಪೂರ್ತಿ ಕೇಳಬೇಕು. ಗೌರಿಹಾಳದ ಸಭೆ ಬರುವ ಸೋಮವಾರ, ಮಠದ ಅಂಗಳದಲ್ಲಿ. ಹೇಳಬೇಕಾದವಳು ಅಮರಮ್ಮ.

*

ಗುರುವಾರ ಮುಂಜಾನೆ ದಾವಲಸಾಬ ಬಂದಾಗ ಅವನ ಅಂಗಿಯ ಬೆನ್ನಿಗೆ ಸಗಣಿಯ ಬರೆ ಎದ್ದಿತ್ತು. ಬೆಳಕು ಹರಿಯುವ ಹೊತ್ತಿಗೆ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ನುಗ್ಗಿ, ಗೋಡೆಗೆ ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯಿಂದ ಬಾಯಲ್ಲಿ ಹೀರಿ ಹಿಡಿಯುವುದು ಅವನ ಕೆಲಸ. ಅಂದು ಹೋದದ್ದು ಅಮರಮ್ಮನ ಅಕ್ಕ ಹಂಪಮ್ಮನ ಕೊಟ್ಟಿಗೆಗೆ.

“ನಿಮ್ಮಕ್ಕನ ಎಮ್ಮಿ ಬಾಲದಾಗ ಹೊಡೀತ್ರಿ. ಎಂಟು ಕೊಳವಿ ಹೊಂದಿಸಿಟ್ಟಿದ್ದೆ, ಏಳು ಒಡದ್ವು. ಒಂದು ಹುಳ ಉಳದೈತಿ, ಒಂದs ಒಂದು. ಅದನ್ನ ದೇವ್ರು ಅಂತ ತಿಳಕೊಂಡು ಓದ್ರಿ” ಎಂದು ಕೊಳವೆಯನ್ನು ಅವಳ ಮೇಜಿನ ಮೇಲಿಟ್ಟ.

ಅಮರಮ್ಮ ನಕ್ಕು ಕೆಲಸಕ್ಕೆ ಹತ್ತಿದಳು. ಬಿಡಿಸಿದಳು, ನೆನೆಸಿದಳು, ಒತ್ತಿದಳು. ಗಾಜಿನ ಅಂಚಿಗೆ ಅಕ್ಕನ ಮಗಳು ಸುವರ್ಣಳಿಂದ ಇಸಿದುಕೊಂಡ ಕೆಂಪು ಉಗುರುಬಣ್ಣ ಬಳಿದು ಮುಚ್ಚಿದಳು. ಗಾಳಿಯಾಡದೆ ಉಳಿಯಲು ಅದಕ್ಕಿಂತ ಒಳ್ಳೆಯದು ಅವಳಿಗೆ ಸಿಕ್ಕಿರಲಿಲ್ಲ. ಮೊದಲ ತಂತು ಮುಗಿಯಿತು, ಎರಡನೆಯದು ಶುರುವಾಯಿತು. ಗುನುಗು ನೆಟ್ಟಗೆ ಹೋಗುತ್ತ ಹೋಗುತ್ತ ನಿಂತಿತು.

ಎಳೆ ಅಲ್ಲಿ ಕುಣಿಕೆಯಾಗಿತ್ತು. ತಾಯಿ ತಂದೆಯಿಂದ ಬಂದ ಎರಡು ತುಂಡುಗಳಲ್ಲಿ ಒಂದು ನೆಟ್ಟಗಿದೆ, ಇನ್ನೊಂದು ತಲೆಕೆಳಗಾಗಿದೆ. ಪಟ್ಟೆಗೆ ಪಟ್ಟೆ ಜೋಡಿಯಾಗಲೇಬೇಕಲ್ಲ, ಅದಕ್ಕಾಗಿ ಒಂದು ಎಳೆ ಬಾಗಿ, ಹೊರಳಿ, ಇನ್ನೊಂದನ್ನು ತಬ್ಬಿ ಸುತ್ತುಹಾಕಿದೆ.

ಇಂಥದ್ದು ಕಂಡರೆ ಏನು ಮಾಡಬೇಕೆಂದು ಕೇಂದ್ರದ ಕೈಪಿಡಿಯಲ್ಲಿತ್ತು. ಎರಡು ಸೊಳ್ಳೆಯ ತತ್ತಿ ಒಂದೇ ಗಾಜಿಗೆ ಬಿದ್ದಿದೆ ಎಂದು ತಿಳಿದು, ‘ಹಾಳು’ ಎಂದು ಬರೆದು ಪಕ್ಕಕ್ಕೆ ಹಾಕುವುದು. ಅವಳ ಕೈ ತನ್ನಷ್ಟಕ್ಕೆ ತಾನೇ ಪೆನ್ಸಿಲ್ ಎತ್ತಿಕೊಂಡಿತು. ‘ಹಾ’ ಬರೆಯಿತು.

ಒಂದs ಒಂದು ಎಂದಿದ್ದ ದಾವಲಸಾಬ.

ಕೊಳವೆಯಲ್ಲಿ ಒಂದೇ ಹುಳವಿದ್ದಾಗ ಎರಡನೆಯದು ಎಲ್ಲಿಂದ ಬಿತ್ತು? ಅವಳು ಪೆನ್ಸಿಲ್ ಕೆಳಗಿಟ್ಟಳು. ಎರಡು ಸೊಳ್ಳೆಯ ಎಳೆಗಳು ಅಕಸ್ಮಾತ್ ಸೇರಿದರೆ ಅಕ್ಕಪಕ್ಕ ಚೆಲ್ಲಿಕೊಂಡು ಬಿದ್ದಿರುತ್ತವೆ, ಹೀಗೆ ತಬ್ಬಿಕೊಳ್ಳುವುದಿಲ್ಲ. ತಬ್ಬಿಕೊಳ್ಳಬೇಕಾದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿರಬೇಕು. ಇಷ್ಟು ಸಣ್ಣ ಮಾತು ಹದಿನೆಂಟು ವರ್ಷ ತನ್ನ ತಲೆಗೆ ಯಾಕೆ ಬರಲಿಲ್ಲ?

ಮೇಜಿನ ಕೆಳಗೆ ಬಿಸ್ಕೀಟಿನ ಡಬ್ಬಿಯಿತ್ತು. ಹಾಳಾದದ್ದೆಂದು ಗಾಜನ್ನು ಒಡೆದು ಬಿಸಾಡಲು ಅವಳಿಗೆ ಕೈ ಬರುತ್ತಿರಲಿಲ್ಲ. ಜೀವದ ತುಣುಕು ಅದು, ಇರಲಿ ಎಂದು ಇಟ್ಟುಕೊಂಡಿದ್ದಳು. ಕೆಂಪು ಅಂಚಿನ ಗಾಜುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಓದಿದಳು. ಬಿರುಕು ಬಿಟ್ಟವು, ಬಣ್ಣ ಹೆಚ್ಚಾದವು, ಒತ್ತು ಮೀರಿ ಚಿಂದಿಯಾದವು. ಅವುಗಳ ನಡುವೆ ಹತ್ತು ಗಾಜುಗಳಲ್ಲಿ ಅದೇ ಜಾಗ, ಅದೇ ಕುಣಿಕೆ. ಎಲ್ಲವೂ ಕಾಲುವೆಯ ಕೊನೆಯ ಊರುಗಳವು. ಎಲ್ಲದರ ಮೇಲೂ ತನ್ನದೇ ಗುಂಡಗಿನ ಅಕ್ಷರ: ಹಾಳು.

ಒಳಗೆ ಕೂತು ಯಾರೋ ನೆಲ ತಟ್ಟುತ್ತಲೇ ಇದ್ದರು, ತನಗೆ ಕೇಳಿಸಲಿಲ್ಲ ಎನ್ನಿಸಿತು ಅವಳಿಗೆ.

*

ಯದುಪತಿ ಕೆಟ್ಟವರಲ್ಲ. ಮಧ್ಯಾಹ್ನದ ಊಟವನ್ನು ಮೇಜಿನ ಮೇಲೆ ಆರಲು ಬಿಟ್ಟು ಹನ್ನೊಂದು ಗಾಜನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಯಂತ್ರದ ಪರೀಕ್ಷೆಯಲ್ಲಿ ಒಂದೇ ಒಂದು ಬೆರಕೆ ಬಂದಿಲ್ಲ ಎಂದರು. ಯಂತ್ರ ಓದುವುದು ಗಂಡು ಹೆಣ್ಣು ನಿರ್ಧರಿಸುವ ವರ್ಣತಂತುವೊಂದನ್ನೇ ಎಂಬುದನ್ನು ಅಮರಮ್ಮ ನೆನಪಿಸಿದಳು. ಬೆರಕೆಯಾದದ್ದು ಆ ತಂತುವಿನಲ್ಲಿ ನಿಲ್ಲುವುದಿಲ್ಲ, ಒಂದೆರಡು ತಲೆಮಾರಿಗೆ ತೊಳೆದುಹೋಗುತ್ತದೆ. ಉಳಿದ ತಂತುಗಳಲ್ಲಿ ಹಾಗೇ ಇಳಿದುಕೊಂಡು ಬರುತ್ತದೆ. ಗೋಡೆಯ ಮೇಲಿನ ವೃಕ್ಷ ಬರೆದದ್ದು ಆ ಒಂದು ತಂತುವನ್ನು ಓದಿ, ಅದೂ ಕೇಂದ್ರದಲ್ಲೇ ಸಾಕಿದ ಸೊಳ್ಳೆಗಳದ್ದು. ಆ ಸೊಳ್ಳೆಗಳನ್ನು ಆರಿಸುವಾಗ ಕುಣಿಕೆ ಕಂಡ ಸಂಸಾರಗಳನ್ನು ಹಾಳೆಂದು ತೆಗೆದವಳು ತಾನೇ.

ಯದುಪತಿಯವರು ಗೋಡೆಯ ಕಡೆ ನೋಡಿದರು. “ನಲವತ್ತು ಸಾವಿರ ಗಾಜಿನಲ್ಲಿ ಹನ್ನೊಂದು, ಅಮರಮ್ಮ.”

“ಗದ್ದಿ ಒಡ್ಡು ಒಡ್ಯಾಕ ಎಷ್ಟು ಏಡಿತೂತು ಬೇಕ್ರೀ ಸರ್?”

ಅವಳು ಮುಂದುವರಿದಳು. ಅಷ್ಟು ಹೊತ್ತು ಅವರೆದುರು ಅವಳು ಮಾತಾಡಿದ್ದು ಅದೇ ಮೊದಲು. ಹೊಲಿಗೆ ಕೂತಿರುವ ತುಂಡಿನಲ್ಲೇ ಮನುಷ್ಯರ ವಾಸನೆಯ ಗುಣವೂ ಇದೆ. ತಲೆಕೆಳಗಾದ ತುಂಡು ಒಡೆಯುವುದಿಲ್ಲ, ಇಡಿಯಾಗಿಯೇ ಹೋಗುತ್ತದೆ. ಒಂದೇ ಒಂದು ಬೆರಕೆ ಸಂಸಾರದ ದಾರಿಯಿಂದ ಹೊಲಿಗೆ ಕೊಟ್ಟಿಗೆಗೆ ದಾಟಿತೆಂದರೆ ಅದು ತನ್ನನ್ನು ತಾನು ನಕಲು ಮಾಡಿಕೊಳ್ಳುತ್ತ, ಆ ರುಚಿಯನ್ನೂ ಹೆಗಲ ಮೇಲೆ ಹೊತ್ತುಕೊಂಡು, ಇಡೀ ಕೊಟಿಗ್ಯಾಕಿಯರ ಕುಲಕ್ಕೆ ಹರಡುತ್ತದೆ. ಹೊಲಿಗೆ ಬಾಳುವುದು ಹತ್ತು ವರ್ಷ ಎಂದು ನೀವೇ ಬರೆದಿದ್ದೀರಿ, ಆಮೇಲೆ ಜ್ವರದ ಜೀವಿ ಅದನ್ನು ಮೀರಿಕೊಳ್ಳುತ್ತದೆ. ಹೊಲಿಗೆ ಸಡಿಲಾದ ದಿನ ಮನೆಗೆ ನುಗ್ಗುವವರು ಒಬ್ಬರಲ್ಲ, ನೂರಾ ಒಬ್ಬರು.

ಹಾಗಾದರೆ ಏನು ಮಾಡಬೇಕು ಎಂದು ಅವರು ಕೇಳಿದರು, ನಿಜವಾಗಿಯೂ ಕೇಳಿದರು. ಹೊಲಿಗೆಯನ್ನು ಆ ತುಂಡಿನಿಂದ ಬಿಚ್ಚಿ ಬೇರೆ ತಂತುವಿಗೆ ಹಾಕಬೇಕು ಎಂದಳು. ಅದು ಅಲ್ಲಿ ನಿಲ್ಲುವ ಹಾಗೆ ಮಾಡಲು ಎರಡು ವರ್ಷ ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು.

“ಎರಡು ಮಳೆಗಾಲ. ಈ ಸೀಮೇಲಿ ವರ್ಷಕ್ಕೆ ಎಷ್ಟು ಮಕ್ಕಳು ಸಾಯ್ತಾವೆ ಅಂತ ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಆ ತಾಯಂದಿರ ಮುಂದೆ ನಿಂತು ಕಾಯಿರಿ ಅಂತ ನೀವು ಹೇಳ್ತೀರಾ? ಹತ್ತು ವರ್ಷದೊಳಗೆ ನಾನು ಇನ್ನೊಂದು ಹೊಲಿಗೆ ಕಂಡುಹಿಡೀತೀನಿ. ಸೋಮವಾರ ಅದೊಂದು ವಾಕ್ಯ ಹೇಳಿ ಸಾಕು. ಹೇಳದೇ ಇದ್ರೆ ಈ ಕುರ್ಚಿ ನಿಮಗಿರೋದಿಲ್ಲ. ನನಗೂ ಬೇಜಾರು, ಆದರೆ ಇರೋದಿಲ್ಲ.”

ಅಮರಮ್ಮ ಹನ್ನೊಂದು ಗಾಜನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು.

*

ಹಂಪಮ್ಮನ ಮನೆಯಲ್ಲಿ ಸುವರ್ಣಳಿಗೆ ಜ್ವರ ಬರುವ ದಿನ ಅದು. ಒಂದು ದಿನ ಬಿಟ್ಟು ಒಂದು ದಿನ, ಮೂರು ಗಂಟೆಗೆ, ಗಡಿಯಾರ ಇಟ್ಟ ಹಾಗೆ ಬರುತ್ತಿತ್ತು. ಹದಿನಾಲ್ಕರ ಹುಡುಗಿ ಮೂರು ಕೌದಿ ಹೊದ್ದು ಹಲ್ಲು ಕಟಕಟಿಸುತ್ತಿದ್ದಳು. ಕೌದಿಯ ಮೇಲೆ ಹಂಪಮ್ಮ ತನ್ನ ಮೈಭಾರ ಹಾಕಿ ಒತ್ತಿ ಹಿಡಿದಿದ್ದಳು. ಮೂರು ವರ್ಷದ ಹಿಂದೆ ಹಿರಿಯ ಮಗಳನ್ನೂ ಹೀಗೇ ಹಿಡಿದಿದ್ದಳು. ಅವಳು ಉಳಿಯಲಿಲ್ಲ.

ಅಮರಮ್ಮ ಎಲ್ಲವನ್ನೂ ಹೇಳಿದಳು. ಮಠದಲ್ಲಿ ಕೇಳಿಸಿಕೊಂಡಿದ್ದನ್ನು ಮನೆಗೆ ಬಂದು ಒಪ್ಪಿಸುವ ಹಾಗೆ, ಏನನ್ನೂ ಬಿಡದೆ, ಏನನ್ನೂ ಸೇರಿಸದೆ. ಗಾಜಿನ ಮಾತು ಬಂದಾಗ ಕೌದಿಯೊಳಗಿಂದ ನಡುಗುವ ದನಿ ಬಂತು, “ನನ್ನ ಉಗುರುಬಣ್ಣ ಮೂರು ಬಾಟ್ಲಿ ಖಾಲಿ ಮಾಡೀಯವ್ವಾ ಚಿಗವ್ವ.”

“ಮುಗೀತಾ?” ಎಂದಳು ಹಂಪಮ್ಮ. “ಹುಳದ ಹೊಟ್ಟ್ಯಾಗ ಕುಣಿಕಿ ಕಂಡ್ತು ಅಂತ ನನ್ನ ಮಗಳ ಕೊಳ್ಳಿಗೆ ಕುಣಿಕಿ ಹಾಕಾಕ ಬಂದೀ. ನಿನಗ ಮಕ್ಕಳಿಲ್ಲ. ಎರಡು ವರ್ಷ ಅಂದ್ರ ನಿನಗ ಎರಡು ಪುರಾಣ. ನನಗ ಎಷ್ಟು ಮಧ್ಯಾಹ್ನ ಅಂತ ಲೆಕ್ಕ ಹಾಕಿ ನೋಡು.”

ಅಮರಮ್ಮ ಬಾಗಿಲ ಹತ್ತಿರ ನಿಂತೇ ಇದ್ದಳು. ಒಂದು ಮಾತು ತನ್ನನ್ನೇ ತಾನು ಕೇಳಿಕೊಂಡಿದ್ದಳು ಬರುವ ದಾರಿಯುದ್ದಕ್ಕೂ: ಈ ಹುಡುಗಿ ತನ್ನ ಹೊಟ್ಟೆಯವಳಾಗಿದ್ದರೆ ಆ ವಾಕ್ಯ ಹೇಳುತ್ತಿದ್ದೆನೇ? ಹೇಳುತ್ತಿದ್ದೆನೇನೋ ಎಂಬುದೇ ಅವಳ ಹೆದರಿಕೆ.

“ಹತ್ತು ವರ್ಷಕ್ಕ ಸುವರ್ಣಾಗೂ ಒಂದು ಕೂಸು ಇರ್ತೈತಿ ಅಕ್ಕಾ” ಎಂದಳು. “ಸಂಜೀಕ ಕೊಟಿಗ್ಯಾಗ ಎಮ್ಮಿ ಹೊಟ್ಟಿ ಹೆಂಗ ಕಾಣ್ತೈತಿ, ನೀನs ನೋಡು.”

ಹಂಪಮ್ಮ ಮುಖ ತಿರುಗಿಸಿದಳು. ಹೋಗು ಎಂದಳು. ಸೋಮವಾರ ಸಭೆಗೆ ತಾನೂ ಬರುತ್ತೇನೆ, ಏನು ಹೇಳುತ್ತೀ ಎಂದು ಕೇಳಲು ಮೊದಲ ಸಾಲಲ್ಲೇ ಕೂಡುತ್ತೇನೆ ಎಂದೂ ಹೇಳಿದಳು. ಅದು ಬೆದರಿಕೆಯಾಗಿತ್ತು.

*

ಸೋಮವಾರ ಬೆಳಿಗ್ಗೆ ಮಠದ ಹೊರಗೆ ಬೇವಿನ ನೆರಳಿನಲ್ಲಿ ವ್ಯಾನು ನಿಂತಿತ್ತು. ಅದರೊಳಗೆ ಇನ್ನೂರು ಪೆಟ್ಟಿಗೆ, ಪೆಟ್ಟಿಗೆಗೆ ಐದುನೂರು ಗಂಡು ಸೊಳ್ಳೆ. ಹತ್ತಿರ ಹೋದರೆ ಸಣ್ಣಗೆ ಶ್ರುತಿ ಹಿಡಿದ ಹಾಗೆ ಕೇಳುತ್ತಿತ್ತು. ಅಂಗಳದ ಕಲ್ಲುಹಾಸಿನ ಮೇಲೆ ಊರು ಕೂತಿತ್ತು. ಎದುರಿನ ಜಗಲಿಯಲ್ಲಿ ಮಠದ ಅಯ್ಯನವರು, ಇಬ್ಬರು ಅಧಿಕಾರಿಗಳು, ಯದುಪತಿಯವರು. ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ, ಗಾಜಿನಲ್ಲಿರುವುದು ಊರಿಗೆಲ್ಲ ಕಾಣುವ ಹಾಗೆ ಯಂತ್ರ ಜೋಡಿಸಿದ್ದರು. ಮೊದಲ ಸಾಲಲ್ಲಿ ಹಂಪಮ್ಮ, ಅವಳ ತೊಡೆಯ ಮೇಲೆ ಸುವರ್ಣಳ ತಲೆ.

ಯದುಪತಿಯವರು ಚೆನ್ನಾಗಿ ಮಾತಾಡಿದರು. ಹೊಲಿಗೆಯ ಕಥೆಯನ್ನು ಹೆಂಗಸರಿಗೆ ತಿಳಿಯುವಂತೆ ಹೇಳಿದರು. ಸತ್ತ ಮಕ್ಕಳ ಹೆಸರು ಓದಿದಾಗ ಅಂಗಳದಲ್ಲಿ ಮೂಗು ಒರೆಸುವ ಸದ್ದು ಕೇಳಿತು. ಅದರಲ್ಲಿ ಹಂಪಮ್ಮನ ಹಿರಿಯ ಮಗಳ ಹೆಸರೂ ಇತ್ತು. ಆಮೇಲೆ ಅಮರಮ್ಮನನ್ನು ಕರೆದರು.

ಅವಳು ಎದ್ದು ಸೆರಗು ಬಿಚ್ಚಿ, ಒಂದು ಗಾಜನ್ನು ಯಂತ್ರದ ಕೆಳಗೆ ಇಟ್ಟಳು. ಬಟ್ಟೆಯ ಮೇಲೆ ಆಳುದ್ದದ ಕುಣಿಕೆ ಮೂಡಿತು.

“ಇದು ನಮ್ಮಕ್ಕನ ಕೊಟಿಗ್ಯಾಗ ಸಿಕ್ಕ ಹುಳ. ಇದರ ಅವ್ವ ಅಪ್ಪನೊಳಗ ಒಬ್ಬರು ಎಮ್ಮಿ ಕಡ್ಯೂವ ಕುಲದವರು, ಇನ್ನೊಬ್ಬರು ಮನಷ್ಯಾರನ್ನ ಕಡ್ಯೂವ ಕುಲದವರು. ಇಂಥಾವು ಹನ್ನೊಂದು ಅದಾವು. ಹಾಳು ಅಂತ ಬರದು ಮುಚ್ಚಿಟ್ಟಾಕಿ ನಾನು, ತಪ್ಪು ನಂದು. ಕಾಲುವಿ ಎರಡು ಕವಲಾಗಿ ಹೋಗಿ ಕೆಳಗ ಹಳ್ಳದಾಗ ಮತ್ತ ಕೂಡ್ತೈತಲ್ಲ, ಇವೂ ಹಂಗs ಕೂಡ್ಯಾವು. ಕೂಡೂದಿಲ್ಲ ಅಂತ ನಾ ಹೇಳಂಗಿಲ್ಲ. ಇವತ್ತೂ ಹೇಳಂಗಿಲ್ಲ, ನಾಳೇನೂ ಹೇಳಂಗಿಲ್ಲ.”

ಕೂಡಿದರೆ ಏನಾಗುತ್ತದೆ ಎಂಬುದನ್ನೂ ಹೇಳಿದಳು. ಹಿಂದಿನಿಂದ ಒಬ್ಬ, ಕೇಂದ್ರದ ಸಂಬಳ ತಿಂದು ಕೇಂದ್ರಕ್ಕೇ ಅಡ್ಡ ಮಲಗಿದಳು ಎಂದು ಗೊಣಗಿದ. ಇನ್ನೊಬ್ಬಳು, ಮಕ್ಕಳಿಲ್ಲದವಳಿಗೇನು ಗೊತ್ತು ಎಂದಳು. ಅಮರಮ್ಮ ತನ್ನ ಜಾಗಕ್ಕೆ ಹೋಗಿ, ಚಿಕ್ಕಂದಿನಲ್ಲಿ ಕೂತ ಕಂಬಕ್ಕೇ ಒರಗಿ ಕೂತಳು. ಹೇಳುವುದಿತ್ತು, ಹೇಳಿಯಾಯಿತು.

ಯದುಪತಿಯವರು ಅಧಿಕಾರಿಗಳ ಕಿವಿಯಲ್ಲಿ ಏನೋ ಹೇಳಿ ಎದ್ದು ನಿಂತರು. ಸಿಬ್ಬಂದಿಗೆ ಮನಸ್ಸಿಗೆ ಆಯಾಸವಾಗಿದೆ, ತಪ್ಪು ತಿಳಿಯಬೇಡಿ ಎಂದರು. ಗಾಜು ಓದಲು ತಮಗೂ ಬರುತ್ತದೆ, ಕಾನೂನಿನ ಪ್ರಕಾರ ಆ ಮಾತನ್ನು ತಾವೇ ಹೇಳಬಹುದು ಎಂದರು. ಗಂಟಲು ಸರಿಮಾಡಿಕೊಂಡರು.

“ಈ ಹುಳಗಳು ತಮ್ಮ ಕುಲದವೇ, ಬೇರೆ ಕುಲದೊಡನೆ...”

ಟಪ್.

ಏನೋ ಬಿತ್ತೆಂದು ಅವರು ಅತ್ತ ನೋಡಿದರು. ಅಮರಮ್ಮನೂ ನೋಡಿದಳು. ಅವಳ ಎರಡೂ ಕೈ ಮಡಿಲಲ್ಲಿದ್ದವು.

ತಟ್ಟಿದವಳು ಹಂಪಮ್ಮ. ಒಂದು ಕೈ ಮಗಳ ಹಣೆಯ ಮೇಲಿತ್ತು, ಇನ್ನೊಂದು ಕಲ್ಲಿನ ಮೇಲೆ. ನಾಲ್ಕು ಸಂಜೆ ಕೊಟ್ಟಿಗೆಯಲ್ಲಿ ಕೂತಿದ್ದಳು ಅವಳು, ಹೊಗೆ ಹಾಕದೆ, ದೀಪ ಹಿಡಿದು. ಎಮ್ಮೆಯ ಬಿಳಿಚಿದ ಕೆಳಹೊಟ್ಟೆ ಸೊಳ್ಳೆ ಮುತ್ತಿ ಕಣ್ಣೆದುರೇ ಕರ್ರಗಾಗುವುದನ್ನು ನೋಡಿದ್ದಳು. ಅದೇ ಸಂಜೆ ಮನೆಯ ಗೋಡೆಯಲ್ಲಿ ಹುಡುಕಿದರೆ ಮೂರು, ನಾಲ್ಕು. ಆ ಮೂರು ನಾಲ್ಕಕ್ಕೇ ಒಬ್ಬ ಮಗಳನ್ನು ಕೊಟ್ಟವಳು ಅವಳು. ಕರ್ರಗಿನ ಆ ಹೊಟ್ಟೆಯಷ್ಟೂ ಒಂದು ದಿನ ಒಳಮನೆಯ ತೊಟ್ಟಿಲಿಗೆ ತಿರುಗಿದರೆ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯದುಪತಿಯವರಿಗೆ ಆ ಪದ್ಧತಿ ತಿಳಿಯದು. ಅಯ್ಯನವರು ಕಣ್ಣು ಮುಚ್ಚಿಕೊಂಡೇ ಹೇಳಿದರು, “ಮೊದಲಿಂದ ಹೇಳ್ರಿ.”

ಅವರು ಮೊದಲಿನಿಂದ ಹೇಳಿದರು. ‘ಬೇರೆ ಕುಲದೊಡನೆ’ ಎಂಬಲ್ಲಿಗೆ ಬಂದಾಗ ಎರಡು ಕೈ ತಟ್ಟಿದವು. ಎರಡನೆಯದು ಬಾಗಿಲ ಹತ್ತಿರ ಕೂತ ದಾವಲಸಾಬನದು. ಅವನೂ ಇದೇ ಊರಿನವನು, ಶ್ರಾವಣದಲ್ಲಿ ಹೊರಗಿನ ಕಟ್ಟೆಗೆ ಕೂತು ಪುರಾಣ ಕೇಳಿ ಬೆಳೆದವನು. ಮೂರನೆಯ ಸಲ ಹೆಂಗಸರ ಕಡೆಯಿಂದ ಏಳೆಂಟು ಕೈ. ಬಾಯಿ ಯಾರೂ ಬಿಡಲಿಲ್ಲ. ಅಧಿಕಾರಿಯೊಬ್ಬ ಎದ್ದು ಇದೇನು ಗಲಾಟೆ ಎಂದ. ಗಲಾಟೆ ಎಲ್ಲೂ ಇರಲಿಲ್ಲ. ಸಭೆ ಮೌನವಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮುಂದಿನ ಸಾಲಿಗಾಗಿ ಕಾಯುತ್ತಿತ್ತು. ಮಾತು ಪೂರ್ತಿಯಾಗದೆ ಪೆಟ್ಟಿಗೆ ತೆರೆಯುವಂತಿಲ್ಲ. ಮಾತು ಪೂರ್ತಿಯಾಗಲು ಆ ಕಲ್ಲುಹಾಸು ಬಿಡುವಂತಿಲ್ಲ.

ನಾಲ್ಕನೆಯ ಸಲ ಯದುಪತಿಯವರು ಜನರ ಕಡೆ ನೋಡಲಿಲ್ಲ. ಬಿಳಿಯ ಬಟ್ಟೆಯ ಕಡೆ ತಿರುಗಿದರು. ತಬ್ಬಿಕೊಂಡ ಎರಡು ಎಳೆಗಳು ಅಲ್ಲಿ ಆಳುದ್ದ ನಿಂತಿದ್ದವು. ಒಂಬತ್ತು ವರ್ಷದ ಕೆಲಸದ ತೂತನ್ನು ಅವರು ಅಷ್ಟು ದೊಡ್ಡದಾಗಿ ಎಂದೂ ನೋಡಿರಲಿಕ್ಕಿಲ್ಲ.

“ಈ ಹುಳಗಳು ತಮ್ಮ ಕುಲದವೇ” ಎಂದರು. “ಬೇರೆ ಕುಲದೊಡನೆ...”

ಈ ಸಲ ಯಾರೂ ತಟ್ಟಲಿಲ್ಲ. ಕೈಗಳು ಕಲ್ಲಿನಿಂದ ಗೇಣು ಮೇಲೆ ನಿಂತಿದ್ದವು.

ಅವರು ಕನ್ನಡಕ ತೆಗೆದರು. ಜಗಲಿಯ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ವ್ಯಾನಿನ ಚಾಲಕನಿಗೆ ಕೈ ಮಾಡಿದರು. ಬೇವಿನ ನೆರಳಿನಿಂದ ವ್ಯಾನು ಹಿಂದಕ್ಕೆ ಹೊರಳಿತು.

ಜನ ಏಳುವಾಗ ಹಂಪಮ್ಮ ತಂಗಿಯ ಪಕ್ಕಕ್ಕೆ ಬಂದಳು. ಮುಖ ಇನ್ನೂ ಗಂಟಾಗಿತ್ತು.

“ನಿನ್ನ ಸಲುವಾಗಿ ತಟ್ಟಿಲ್ಲ” ಎಂದಳು. “ಎರಡು ಮಳಿಗಾಲ ಅಂದೀಯಲ್ಲ, ಅಲ್ಲೀತನಕ ಏನು ಮಾಡೂದು, ಅದನ್ನ ಹೇಳು. ಕೇಳಿಕೋತ ಕೂಡೂ ಕಾಲ ಮುಗೀತು ನಿನ್ದು.”

*

ಅಮಾನತಿನ ಆದೇಶ ಬುಧವಾರ ಬಂತು. ಒಂದೇ ಹಾಳೆ, ಹಿಂಬದಿ ಖಾಲಿ. ಅಮರಮ್ಮ ಅದರ ಮೇಲೆ ಗೌರಿಹಾಳದ ಕಾಲುವೆಯ ನಕ್ಷೆ ಬರೆದಳು. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆದು ಹಾರಲು ಎಂಟು ಹತ್ತು ದಿನ ಬೇಕು. ಗದ್ದೆಗಳನ್ನು ವಾರಕ್ಕೊಮ್ಮೆ ಎರಡು ದಿನ ಬಸಿದು ಒಣಗಿಸಿದರೆ ಮನಿಯಾಕಿಯೂ ಹುಟ್ಟಳು, ಕೊಟಿಗ್ಯಾಕಿಯೂ ಹುಟ್ಟಳು. ಯಾವ ಗದ್ದೆಗೆ ಯಾವ ದಿನ ಎಂದು ಹಂಪಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೇಳಿಬಂದಳು. ನೀರು ಬಿಡುವವನು ಒಪ್ಪದಿದ್ದಾಗ ಹನ್ನೆರಡು ಹೆಂಗಸರು ತೂಬಿನ ಮೇಲೇ ಕೂತರು. ಹೊಸ ಹೊಲಿಗೆಗೆ ಬೇರೆ ತಂತು ಹುಡುಕುತ್ತಿದ್ದಾರೆಂದೂ, ಗೋಡೆಯ ವಂಶವೃಕ್ಷವನ್ನು ಕೆಳಗಿಳಿಸಿದ್ದಾರೆಂದೂ ದಾವಲಸಾಬ ಸುದ್ದಿ ತಂದ. ಜೊತೆಗೆ ಯದುಪತಿಯವರ ಚೀಟಿಯೊಂದಿತ್ತು. ಆ ಹನ್ನೊಂದು ಗಾಜನ್ನು ನೋಡಲು ಕಳಿಸಬಹುದೇ ಎಂದು ಕೇಳಿದ್ದರು. ಕಳಿಸುವುದಿಲ್ಲ, ನೋಡುವುದಿದ್ದರೆ ಊರಿಗೆ ಬರಲಿ ಎಂದು ಅಮರಮ್ಮ ಹೇಳಿಕಳಿಸಿದಳು.

ಸುವರ್ಣಳ ಜ್ವರ ಆ ತಿಂಗಳು ಬಿಟ್ಟಿತು. ಮುಂದಿನ ಮಳೆಗೆ ಮತ್ತೆ ಬರಬಹುದು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಮುಂಜಾನೆ, ಬೆಳಕು ಹರಿಯುವ ಹೊತ್ತಿಗೆ, ಅಕ್ಕ ತಂಗಿ ಕೊಟ್ಟಿಗೆಯಲ್ಲಿದ್ದರು. ಹಂಪಮ್ಮ ಎರಡೂ ಕೈಯಿಂದ ಎಮ್ಮೆಯ ಬಾಲ ಬಿಗಿಯಾಗಿ ಹಿಡಿದಿದ್ದಳು. ಅಮರಮ್ಮ ಗೋಡೆಗೆ ಬ್ಯಾಟರಿ ಬಿಟ್ಟು, ಕೊಳವೆಯನ್ನು ಬಾಯಿಗಿಟ್ಟು, ಒಂದೊಂದಾಗಿ ಹೀರಿ ಹಿಡಿದಳು. ಕೊಳವೆಗೆ ಒಂದೇ ಹುಳ, ಎರಡಿಲ್ಲ. ಶಾಲೆಯಿಂದ ಎರವಲು ತಂದ ಹಳೆಯ ಸೂಕ್ಷ್ಮದರ್ಶಕ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಿತ್ತು. ನಾಲ್ಕನೆಯ ಗಾಜಿಗೆ ಗುನುಗು ನಿಂತಿತು.

ಸುವರ್ಣ ಉಗುರುಬಣ್ಣದ ಬಾಟ್ಲಿ ಬಿಚ್ಚಿ ಅಂಚಿಗೆ ತಾನೇ ಬಳಿದಳು. ಏನು ಬರೆಯಲಿ ಎಂದು ಕೇಳಿದಳು.

“ಹನ್ನೆರಡು ಅಂತ ಬರಿ” ಎಂದಳು ಅಮರಮ್ಮ. “ದಪ್ಪಗ ಬರಿ, ದೂರಿಂದ ಕಾಣಬೇಕು.”